ಗಣಿತದ ಕಾವಿನಲ್ಲಿ ಚಳಿ ಕಾಯಿಸಿಕೊಳ್ಳುವ ಊರು

ಉತ್ತರ ಯೂರೋಪಿನ ಚಳಿಗಾಲದಲ್ಲಿ ಮನೆಯೊಳಗಿನ ಬೆಚ್ಚನೆಯೆಂಬುದು ಅನ್ನ ಬಟ್ಟೆಗಳಷ್ಟೇ ಅಗತ್ಯವಾದ ವಸ್ತು. ಅದಕ್ಕೆ ಬೆಲೆಯುಂಟು, ಅಳತೆಯುಂಟು, ತಿಂಗಳ ಕೊನೆಗೆ ಬಿಲ್ಲೂ ಉಂಟು. ಇಂಥ ನಾಡುಗಳಲ್ಲಿ ಕಂಪ್ಯೂಟರ್ ಆಟಗಳ ಹುಚ್ಚು ಹಿಡಿದ ತರುಣರು ಒಂದು ಸಂಗತಿಯನ್ನು ತಾವಾಗಿಯೇ ಕಂಡುಕೊಂಡಿದ್ದಾರೆ. ಬಾಗಿಲು ಮುಚ್ಚಿ ಎರಡು ಗಂಟೆಗಳ ಕಾಲ ಆಟವಾಡಿದರೆ ಕೋಣೆಯ ಹೀಟರನ್ನು ಹೊತ್ತಿಸುವ ಪ್ರಮೇಯವೇ ಬರುವುದಿಲ್ಲ! ಮೇಜಿನ ಕೆಳಗಿನ ಪೆಟ್ಟಿಗೆ ಬಿಸಿಯುಸಿರು ಬಿಡುತ್ತಿರುತ್ತದೆ. ಆಟಗಾರನ ಪಾದಗಳು ಅಗ್ಗಿಷ್ಟಿಕೆಯ ಮುಂದಿಟ್ಟಂತೆ ಬೆಚ್ಚಗಿರುತ್ತವೆ.

ಇದು ನಗೆಯ ಮಾತಾಗಿ ತೋರಿದರೂ ಇದರ ಹಿಂದಿರುವುದು ನಿಸರ್ಗದ ಅಚಲವಾದ ನಿಯಮ. ಕಂಪ್ಯೂಟರ್ ಭಾರವನ್ನೆತ್ತುವುದಿಲ್ಲ, ನೀರನ್ನು ಮೇಲಕ್ಕೇರಿಸುವುದಿಲ್ಲ. ಅದು ಮಾಡುವುದು ಲೆಕ್ಕವನ್ನು ಮಾತ್ರ. ಹೀಗಾಗಿ ಅದರೊಳಗೆ ಹೊಕ್ಕ ವಿದ್ಯುತ್ತೆಲ್ಲ ಕಡೆಗೆ ಶಾಖವಾಗಿಯೇ ಹೊರಬೀಳಬೇಕು. ಐದುನೂರು ವಾಟ್ ಸೆಳೆಯುವ ಆಟದ ಯಂತ್ರವೂ ಐದುನೂರು ವಾಟಿನ ಹೀಟರೂ ಕೋಣೆಗೆ ಕೊಡುವ ಕಾವು ಸರಿಸಮ. ಸುಮ್ಮನೆ ಕುಳಿತ ಮನುಷ್ಯನ ಮೈ ಸುಮಾರು ನೂರು ವಾಟಿನಷ್ಟು ಶಾಖವನ್ನು ಸೂಸುತ್ತದೆಂಬುದನ್ನು ನೆನೆದರೆ, ಒಂದು ಕಂಪ್ಯೂಟರ್ ಐವರು ನೆಂಟರು ಬಂದು ಕುಳಿತಷ್ಟು ಬಿಸಿಯನ್ನು ಮನೆಗೆ ತರುತ್ತದೆಂದಾಯಿತು.

ಆದರೆ ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಕೋಣೆ ಬೆಚ್ಚಗಾಗಲೆಂದೇ ಕಂಪ್ಯೂಟರನ್ನು ಓಡಿಸುವುದು ಜಾಣತನವಲ್ಲ. ರೆಫ್ರಿಜರೇಟರಿನ ತತ್ತ್ವವನ್ನೇ ತಿರುವಿಹಾಕಿ ಮಾಡಿದ ಶಾಖ ಪಂಪೆಂಬ ಉಪಕರಣವು ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಕಾವನ್ನು ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಎಳೆದು ತಂದುಕೊಡಬಲ್ಲದು. ಕಂಪ್ಯೂಟರ್ ಕೊಡುವುದು ಒಂದಕ್ಕೆ ಒಂದೇ. ಆದಕಾರಣ ಲೆಕ್ಕದ ಕೆಲಸ ಹೇಗೂ ಆಗಬೇಕಾಗಿದ್ದು, ಅದರ ಬಿಸಿಯನ್ನು ಬೀದಿಗೆ ಚೆಲ್ಲುವ ಬದಲು ಬಳಸಿಕೊಂಡರೆ ಮಾತ್ರ ಅದು ಲಾಭ. ಅಡುಗೆ ಮುಗಿದ ಮೇಲೆ ಒಲೆಯ ಕೆಂಡದ ಮೇಲೆ ಹಾಲಿನ ಪಾತ್ರೆಯಿಡುವ ಗೃಹಿಣಿಗೆ ಈ ತತ್ತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಹಾಲು ಕಾಯಲೆಂದೇ ಅವಳು ಸೌದೆ ಒಟ್ಟುವುದಿಲ್ಲ. ಒಟ್ಟಿದ ಸೌದೆಯ ಕಾವನ್ನು ಕಳೆಯುವುದೂ ಇಲ್ಲ.

ಒಬ್ಬ ತರುಣನ ಕೋಣೆಗೆ ಒಪ್ಪುವ ಈ ಮಾತು ಒಂದು ಊರಿಗೆ ಒಪ್ಪೀತೇ? ಒಪ್ಪುತ್ತದೆಂದು ತೋರಿಸಿಕೊಟ್ಟ ದೇಶ ಫಿನ್ಲೆಂಡ್. ಅಲ್ಲಿ ಹೆಲ್ಸಿಂಕಿಯಿಂದ ಉತ್ತರಕ್ಕೆ ಹೊರಡುವ ಒಂದು ರೈಲುದಾರಿಯುದ್ದಕ್ಕೂ ಈ ಕಥೆಯ ಅಧ್ಯಾಯಗಳು ಹರಡಿಕೊಂಡಿವೆ.

ದೇವಾಲಯದ ಕೆಳಗಿನ ಗುಹೆ

ಹೆಲ್ಸಿಂಕಿಯ ಬಂದರಿನ ಪಕ್ಕದಲ್ಲಿ ಕತಯನೊಕ್ಕ ಎಂಬ ಭಾಗವಿದೆ. ಅಲ್ಲಿನ ಬಂಡೆಯ ನೆತ್ತಿಯ ಮೇಲೆ ಕೆಂಪು ಇಟ್ಟಿಗೆಯ ಗೋಡೆ, ಹೊಂಬಣ್ಣದ ಗುಮ್ಮಟಗಳಿಂದ ಕೂಡಿದ ಉಸ್ಪೆನ್ಸ್ಕಿ ಎಂಬ ಆರ್ಥೊಡಾಕ್ಸ್ ಕ್ರೈಸ್ತ ದೇವಾಲಯ ನಿಂತಿದೆ. 1868ರಲ್ಲಿ ಪ್ರತಿಷ್ಠೆಗೊಂಡ ಈ ಗುಡಿಯನ್ನು ನೋಡಲು ಬರುವ ಯಾತ್ರಿಕರು ತಲೆಯೆತ್ತಿ ಗುಮ್ಮಟವನ್ನು ನೋಡುತ್ತಾರೆಯೇ ಹೊರತು, ಕಾಲ ಕೆಳಗಿನ ಬಂಡೆಯ ಹೊಟ್ಟೆಯಲ್ಲೊಂದು ಗುಹೆಯಿದೆಯೆಂಬುದನ್ನು ಅರಿಯರು. ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ವಿಮಾನಗಳು ಬಾಂಬು ಸುರಿಸುತ್ತಿದ್ದಾಗ ನಗರದ ಅಧಿಕಾರಿಗಳು ಅಡಗಿಕೊಳ್ಳಲೆಂದು ಕೊರೆದ ಗುಹೆಯದು. 2010ರ ವೇಳೆಗೆ ಅದೇ ಗುಹೆಯಲ್ಲಿ ಕಂಪ್ಯೂಟರುಗಳ ಸಾಲುಗಳನ್ನು ನಿಲ್ಲಿಸಿ, ಅವುಗಳ ಬಿಸಿಯನ್ನು ನಗರದ ಮನೆಗಳಿಗೆ ಹಾಯಿಸುವ ಯೋಜನೆ ಕೈಗೂಡಿತು. ಮೇಲೆ ಧೂಪದೀಪಗಳ ಆರಾಧನೆ; ಕೆಳಗೆ ಅಂಕಿಗಳ ಜಪ!

ಮನೆಗಳಿಗೆ ಹಾಯಿಸುವುದೆಂದರೇನು? ಫಿನ್ಲೆಂಡಿನ ನಗರಗಳಲ್ಲಿ ಮನೆಗೊಂದು ಒಲೆಯಿಲ್ಲ. ನಮ್ಮ ಊರುಗಳಲ್ಲಿ ಕುಡಿಯುವ ನೀರು ನಲ್ಲಿಯಲ್ಲಿ ಬರುವಂತೆ ಅಲ್ಲಿ ಬಿಸಿನೀರು ನೆಲದಡಿಯ ಕೊಳವೆಗಳಲ್ಲಿ ಬರುತ್ತದೆ. ಪ್ರತಿ ಕಟ್ಟಡಕ್ಕೂ ತನ್ನ ಕಾವನ್ನು ಒಪ್ಪಿಸಿ, ತಣಿದು, ಮತ್ತೆ ಕಾಯಿಸುವ ಸ್ಥಾವರಕ್ಕೆ ಮರಳುತ್ತದೆ. ಮಹಾಯುದ್ಧದ ನಂತರದ ದಶಕಗಳಲ್ಲಿ ಹಾಕಿದ ಈ ಜಾಲ ಇಂದು ದೇಶದ ಸುಮಾರು ಅರ್ಧದಷ್ಟು ಜನರ ಮನೆಗಳನ್ನು ಮುಟ್ಟಿದೆ. ಕೊಳವೆಗೆ ಭೇದಭಾವವಿಲ್ಲ. ಕಲ್ಲಿದ್ದಲಿನ ಬಿಸಿಯಾದರೂ ಸರಿ, ಮರದ ಚೂರಿನ ಬಿಸಿಯಾದರೂ ಸರಿ, ಕಂಪ್ಯೂಟರಿನ ಬಿಸಿಯಾದರೂ ಸರಿ, ಅದು ಹೊತ್ತೊಯ್ಯುತ್ತದೆ. ಹೆಲ್ಸಿಂಕಿಯನ್ನು ಬಹುಕಾಲ ಬೆಚ್ಚಗಿಟ್ಟಿದ್ದುದು ಕಲ್ಲಿದ್ದಲು. ಅದರ ಹೊಗೆಯ ಪಾಪಭಾರವನ್ನು ಇಳಿಸಿಕೊಳ್ಳಬೇಕೆಂದು ನಗರವು 2023ರ ಏಪ್ರಿಲಿನಲ್ಲಿ ಹನಸಾರಿಯ ಕಲ್ಲಿದ್ದಲು ಸ್ಥಾವರವನ್ನು ಮುಚ್ಚಿತು. 2025ರಲ್ಲಿ ಸಲ್ಮಿಸಾರಿಯಲ್ಲಿಯೂ ಕಲ್ಲಿದ್ದಲನ್ನು ಸುಡುವುದು ನಿಂತಿತು. ಹಳೆಯ ಬೆಂಕಿ ಆರಿದಾಗ ಹೊಸ ಕಾವನ್ನು ಎಲ್ಲೆಲ್ಲಿಂದಲೋ ಕೂಡಿಹಾಕಬೇಕಲ್ಲವೆ? ಚರಂಡಿಯ ನೀರಿನಿಂದ, ಸಮುದ್ರದಿಂದ, ಲೆಕ್ಕದ ಯಂತ್ರಗಳಿಂದ, ಹೀಗೆ ಹನಿಗೂಡಿಸುವ ಕೆಲಸ ಅಲ್ಲಿ ನಡೆದಿದೆ.

ಪರಾಧೀನದ ಬಿಸಿ

ಹೆಲ್ಸಿಂಕಿಯಿಂದ ಹೊರಟ ರೈಲು ಲಹ್ತಿಯ ಕಡೆಗೆ ಸಾಗುವಾಗ ಸುಮಾರು ಅರುವತ್ತು ಕಿಲೋಮೀಟರಿನ ಆಚೆ ಮ್ಯಾಂಟ್ಸಲ ಎಂಬ ಸಣ್ಣ ಊರನ್ನು ದಾಟಿ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಿಲ್ದಾಣ ಹಿಂದೆ ಸರಿಯುತ್ತದೆ. ಆದರೆ ಈ ಊರಿನ ಅನುಭವವನ್ನು ಮರೆಯುವಂತಿಲ್ಲ. ರಷ್ಯದ ಯಾಂಡೆಕ್ಸ್ ಸಂಸ್ಥೆ ಇಲ್ಲಿ ಕಂಪ್ಯೂಟರುಗಳ ದೊಡ್ಡ ಭವನವನ್ನು ಕಟ್ಟಿತು. 2015ರ ಹೊತ್ತಿಗೆ ಅದರ ಬಿಸಿಗಾಳಿಯ ಕಾವು ಊರಿನ ಕೊಳವೆಗಳಿಗೆ ಸೇರತೊಡಗಿ, ಊರಿನ ಒಲೆಗಳ ಹೊರೆ ತಗ್ಗಿತು. ಮಾಸ್ಕೋದಲ್ಲಿ ಯಾರೋ ಒಬ್ಬರು ಏನನ್ನೋ ಹುಡುಕಿದರೆ ಮ್ಯಾಂಟ್ಸಲದಲ್ಲಿ ಒಂದು ಮಗುವಿನ ಸ್ನಾನದ ನೀರು ಕಾಯುತ್ತಿತ್ತು.

ಆಮೇಲೆ 2022ರಲ್ಲಿ ಉಕ್ರೇನಿನ ಯುದ್ಧ ಬಂತು. ರಷ್ಯದ ಮೇಲೆ ಹೇರಿದ ನಿರ್ಬಂಧಗಳ ಬಿರುಗಾಳಿಯಲ್ಲಿ ಆ ಭವನಕ್ಕೆ ವಿದ್ಯುತ್ ಮಾರುವವರೇ ಹಿಂದೆಗೆದರು. ಕೆಲಕಾಲ ಡೀಸೆಲ್ ಜನರೇಟರುಗಳಿಂದಲೇ ಯಂತ್ರಗಳನ್ನು ನಡೆಸಬೇಕಾಯಿತು. 2024ರಲ್ಲಿ ರಷ್ಯದ ವ್ಯವಹಾರ ಬೇರೆಯಾಗಿ, ಭವನವು ನೆಬಿಯಸ್ ಎಂಬ ಹೊಸ ಹೆಸರಿನ ಸಂಸ್ಥೆಯ ಪಾಲಾಯಿತು. ಬಿಸಿಯನ್ನು ಪರರಿಂದ ಪಡೆಯುವ ಊರಿಗೆ ಪರರ ಜಗಳದ ಬಿಸಿಯೂ ತಟ್ಟದೆ ಇರದು. ಒಲೆ ನಮ್ಮದಲ್ಲವಾದರೆ ಅದು ಯಾವಾಗ ಆರೀತೆಂಬುದೂ ನಮ್ಮ ಕೈಯಲ್ಲಿಲ್ಲ. ಈ ಪಾಠವನ್ನು ಜೊತೆಯಲ್ಲಿಟ್ಟುಕೊಂಡೇ ಉತ್ತರಕ್ಕೆ ಮುಂದುವರಿಯಬೇಕು.

ಕಯಾನಿಯ ಚಳಿ

ಲಹ್ತಿ, ಕೌವೊಲ, ಮಿಕ್ಕೆಲಿ, ಕುವೋಪಿಯೊ, ಈಸಲ್ಮಿ. ಒಂದೊಂದು ನಿಲ್ದಾಣ ಕಳೆದಂತೆಯೂ ಮನೆಗಳು ವಿರಳವಾಗುತ್ತವೆ, ಕೆರೆಗಳು ಹೆಚ್ಚುತ್ತವೆ, ಪೈನ್ ಮತ್ತು ಬರ್ಚ್ ಮರಗಳ ಕಾಡು ದಟ್ಟವಾಗುತ್ತದೆ. ಆರು ಗಂಟೆಗಳ ಆಸುಪಾಸಿನ ಪಯಣದ ಬಳಿಕ ರೈಲು ಕೈನೂ ಸೀಮೆಯ ಮುಖ್ಯ ಪಟ್ಟಣವಾದ ಕಯಾನಿಯನ್ನು ತಲುಪುತ್ತದೆ. ಭೂಮಿಯ ನಕ್ಷೆಯಲ್ಲಿ ಇದು 64 ಡಿಗ್ರಿ ಉತ್ತರ. ಡಿಸೆಂಬರಿನ ನಡುವೆ ಸೂರ್ಯನ ದರ್ಶನ ದಿನಕ್ಕೆ ನಾಲ್ಕು ಗಂಟೆಗಳ ಆಚೀಚೆ ಮಾತ್ರ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿ ಇಲ್ಲಿಯವರಿಗೆ ಅಪರೂಪದ್ದಲ್ಲ. ಊರಿನ ಜನಸಂಖ್ಯೆ ನಲವತ್ತು ಸಾವಿರಕ್ಕೂ ಕಡಿಮೆ.

ಊರ ನಡುವೆ ಕಯಾನಿ ನದಿ ಹರಿಯುತ್ತದೆ. ನದಿಯ ನಡುಗಡ್ಡೆಯಲ್ಲಿ ಒಂದು ಪಾಳುಕೋಟೆ. ಸ್ವೀಡನ್ನಿನ ಅರಸರ ಕಾಲದಲ್ಲಿ, 1604ರಲ್ಲಿ ಕಟ್ಟಲಾರಂಭಿಸಿದ ಈ ಕೋಟೆಯನ್ನು 1716ರಲ್ಲಿ ರಷ್ಯದ ಸೈನ್ಯ ಸಿಡಿಮದ್ದಿಟ್ಟು ಉರುಳಿಸಿತು. ಇಲ್ಲಿಯೇ ಯೊಹಾನ್ನೆಸ್ ಮೆಸ್ಸೇನಿಯಸ್ ಎಂಬ ಸ್ವೀಡಿಷ್ ಇತಿಹಾಸಕಾರ ರಾಜದ್ರೋಹದ ಆರೋಪ ಹೊತ್ತು 1616ರಿಂದ 1635ರವರೆಗೆ ಸೆರೆಯಲ್ಲಿದ್ದ. ಕೊರೆಯುವ ಕಲ್ಲುಗೋಡೆಗಳ ನಡುವೆ ಕುಳಿತು ಆತ ತನ್ನ ನಾಡಿನ ಚರಿತ್ರೆಯ ಬೃಹದ್ಗ್ರಂಥವನ್ನು ಬರೆದ. ವಿದ್ಯೆಗೂ ಚಳಿಗೂ ಈ ಊರಿನಲ್ಲಿ ಅಷ್ಟು ಹಳೆಯ ನಂಟು.

ಹಳ್ಳಿಗಳ ಬಡವರ ಪಾಡಂತೂ ಬೇರೆ. ಅವರ ಮರದ ಗುಡಿಸಲುಗಳಿಗೆ ಹೊಗೆಗೂಡು ಇರಲಿಲ್ಲ. ಹೊಗೆಯನ್ನು ಹೊರಗೆ ಬಿಟ್ಟರೆ ಕಾವೂ ಹೊರಗೆ ಹೋದೀತಲ್ಲ! ಕಾವಿಗಾಗಿ ಹೊಗೆಯನ್ನು ನುಂಗಿ, ಕಣ್ಣು ಕೆಡಿಸಿಕೊಂಡು ಬದುಕಿದರು. ಹೊಟ್ಟೆಪಾಡಿಗೆ ಪೈನ್ ಮರದ ಸೀಳುಗಳನ್ನು ಕುಣಿಯಲ್ಲೊಟ್ಟಿ, ಹುಲ್ಲುಹೆಂಟೆ ಮುಚ್ಚಿ, ದಿನಗಟ್ಟಲೆ ಮೆಲ್ಲಗೆ ಬೇಯಿಸಿ ಮರದ ಟಾರನ್ನು ಇಳಿಸುತ್ತಿದ್ದರು. ಯೂರೋಪಿನ ಹಡಗುಗಳ ಹಲಗೆಗಳಿಗೆ ಬಳಿಯುತ್ತಿದ್ದುದು ಈ ಕಪ್ಪು ರಸವನ್ನೇ. ಪೀಪಾಯಿಗಳನ್ನು ಹೊತ್ತ ಉದ್ದನೆಯ ದೋಣಿಗಳು ಕಯಾನಿಯ ಜಲಪಾತಗಳನ್ನು ಇಳಿದು ಔಲು ಬಂದರಿಗೆ ಹೋಗುತ್ತಿದ್ದವು. ಅವುಗಳಿಗಾಗಿ 1846ರಲ್ಲಿ ಕಟ್ಟಿದ ಕಾಲುವೆಯ ತೂಬು ಇಂದಿಗೂ ಕೋಟೆಯ ಸಮೀಪದಲ್ಲಿದೆ.

ಹಡಗುಗಳು ಉಕ್ಕಿನವಾದಾಗ ಟಾರಿನ ಕಾಲ ಮುಗಿಯಿತು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮರದ ತಿರುಳಿನ ಮತ್ತು ಕಾಗದದ ಕಾರ್ಖಾನೆ ಬಂತು. ತಲೆಮಾರುಗಳ ಕಾಲ ಊರಿನ ಗಡಿಯಾರವೆಂದರೆ ಕಾರ್ಖಾನೆಯ ಪಾಳಿ. ಊರಿನ ಅನ್ನವೆಂದರೆ ಕಾರ್ಖಾನೆಯ ಸಂಬಳ. ಅಪ್ಪ ದುಡಿದ ಯಂತ್ರದ ಬಳಿಯಲ್ಲಿ ಮಗ ನಿಲ್ಲುತ್ತಿದ್ದ. ಜಗತ್ತು ಕಾಗದವನ್ನು ಬಿಟ್ಟು ಪರದೆಯ ಮೇಲೆ ಓದತೊಡಗಿದಾಗ ಆ ಅನ್ನಕ್ಕೂ ಸಂಚಕಾರ ಬಂತು. 2008ರ ಕೊನೆಯಲ್ಲಿ ಕಾರ್ಖಾನೆ ಮುಚ್ಚಿತು. ನೂರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಇಷ್ಟು ಚಿಕ್ಕ ಊರಿನಲ್ಲಿ ಅಷ್ಟು ಮನೆಗಳ ಒಲೆ ತಣ್ಣಗಾಗುವುದೆಂದರೆ ಅದೇನು ಸಾಮಾನ್ಯವೆ?

ಹಿಮವೆಂಬ ಹೆಸರಿನ ಬೆಂಕಿ

ಕಾರ್ಖಾನೆ ಹೋಯಿತು, ಆದರೆ ಅದು ಬಿಟ್ಟುಹೋದ ಆಸ್ತಿ ಉಳಿಯಿತು. ವಿಶಾಲವಾದ ಗಟ್ಟಿ ಕಟ್ಟಡಗಳು, ಭಾರಿ ಯಂತ್ರಗಳಿಗೆಂದು ಎಳೆದ ಬಲವಾದ ವಿದ್ಯುತ್ ತಂತಿಗಳು, ಜಲಪಾತಗಳನ್ನು ಪಳಗಿಸಿ ಮಾಡಿದ ವಿದ್ಯುದಾಗಾರಗಳು, ಜೊತೆಗೆ ವರ್ಷದ ಬಹುಭಾಗ ಬಿಟ್ಟಿಯಾಗಿ ದೊರೆಯುವ ತಣ್ಣನೆಯ ಗಾಳಿ. ಕಾಗದಕ್ಕೆ ಬೇಕಾಗಿದ್ದುದೆಲ್ಲ ಕಂಪ್ಯೂಟರಿಗೂ ಬೇಕು! ಫಿನ್ಲೆಂಡಿನ ವಿಜ್ಞಾನ ಗಣನ ಕೇಂದ್ರವಾದ ಸಿ.ಎಸ್.ಸಿ. ಸಂಸ್ಥೆ 2012ರಲ್ಲಿ ‘ಸಿಸು’ ಎಂಬ ಮಹಾಗಣಕವನ್ನು ಇಲ್ಲಿಗೆ ತಂದಿತು. ಛಲ, ಕೆಚ್ಚು ಎಂದು ಆ ಮಾತಿನ ಅರ್ಥ. ಅದರ ಹಿಂದೆ ಇನ್ನೂ ದೊಡ್ಡದು ಬಂತು. ಫಿನ್ಲೆಂಡನ್ನೊಳಗೊಂಡ ಹತ್ತು ದೇಶಗಳೂ ಯೂರೋಪಿನ ಒಕ್ಕೂಟವೂ ಕೂಡಿ ನಿಲ್ಲಿಸಿದ ‘ಲುಮಿ’ 2022ರ ಜೂನ್ 13ರಂದು ಉದ್ಘಾಟನೆಗೊಂಡಿತು. ಫಿನ್ನಿಷ್ ಭಾಷೆಯಲ್ಲಿ ಲುಮಿ ಎಂದರೆ ಹಿಮ.

ಈ ಹಿಮದ ತೂಕ ಸುಮಾರು ನೂರೈವತ್ತು ಟನ್. ಎರಡು ಟೆನಿಸ್ ಅಂಗಳಗಳಷ್ಟು ಜಾಗದಲ್ಲಿ ಕಪಾಟುಗಳ ಸಾಲು. 2022ರ ಎರಡು ಪಟ್ಟಿಗಳಲ್ಲಿಯೂ ಜಗತ್ತಿನ ವೇಗದ ಗಣಕಗಳ ನಡುವೆ ಇದಕ್ಕೆ ಮೂರನೆಯ ಸ್ಥಾನ. ಆ ವರ್ಷದ ನವೆಂಬರಿನಲ್ಲಿ ಅಳೆದಾಗ ಒಂದು ಸೆಕೆಂಡಿಗೆ ಮೂರು ಸಾವಿರ ಕೋಟಿ ಕೋಟಿ ಲೆಕ್ಕಗಳನ್ನು ಮಾಡಿ ಮುಗಿಸಿತ್ತು. ಹವೆಯ ಬದಲಾವಣೆ, ಔಷಧಗಳ ರಚನೆ, ಭಾಷೆಗಳ ವಿಶ್ಲೇಷಣೆ ಮೊದಲಾದ ಕೆಲಸಗಳನ್ನು ದೇಶದೇಶಗಳ ವಿದ್ವಾಂಸರು ದೂರದಿಂದಲೇ ಇದಕ್ಕೆ ಒಪ್ಪಿಸುತ್ತಾರೆ. ಅದು ಕುಡಿಯುವ ವಿದ್ಯುತ್ತು ಗರಿಷ್ಠ 8.5 ಮೆಗಾವಾಟ್. ಐದುನೂರು ವಾಟಿನ ಆಟದ ಯಂತ್ರಗಳನ್ನು ಹದಿನೇಳು ಸಾವಿರದಷ್ಟು ಒಂದೆಡೆ ಕೂಡಿಸಿ ಓಡಿಸಿದಷ್ಟು ಕಾವು ಆ ಒಂದೇ ಭವನದಲ್ಲಿ ಹುಟ್ಟಬಲ್ಲದೆಂದಾಯಿತು.

ಈ ಕಾವನ್ನು ಬೀಸಣಿಗೆಯ ಗಾಳಿಯಿಂದ ಹೊರದೂಡುವುದು ಸಾಧ್ಯವಾಗದ ಮಾತು. ಆದ್ದರಿಂದ ಗಣಕದ ಒಡಲಿನೊಳಗೇ ನೀರಿನ ಸಣ್ಣ ನಾಳಗಳನ್ನು ಹಾಯಿಸಲಾಗಿದೆ. ಲೆಕ್ಕ ಮಾಡುವ ಬಿಲ್ಲೆಗಳ ಬಿಸಿಯನ್ನು ನೀರು ಹೀರಿಕೊಂಡು ಹೊರಬರುತ್ತದೆ. ಆದರೆ ಆ ನೀರಿನ ಬಿಸಿ ಸ್ನಾನಕ್ಕೆ ಸಾಕಾದೀತೇ ವಿನಾ, ಮೈಲಿಗಟ್ಟಲೆ ಕೊಳವೆಯಲ್ಲಿ ಸಾಗಿ ಹಿಮಗಾಲದ ಮನೆಗಳನ್ನು ಕಾಯಿಸಲು ಸಾಲದು. ಕೊಳವೆಯ ಜಾಲದಲ್ಲಿ ಹರಿಯುವ ನೀರು ಕಡುಚಳಿಯಲ್ಲಿ ನೂರು ಡಿಗ್ರಿಯನ್ನೂ ಮೀರಿ ಬಿಸಿಯಾಗಿರಬೇಕಾಗುತ್ತದೆ. ಒತ್ತಡದಲ್ಲಿರುವುದರಿಂದ ಅದು ಆವಿಯಾಗುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಮೊದಲು ಹೇಳಿದ ಶಾಖ ಪಂಪು. ಗಣಕದ ನೀರಿನಿಂದ ಕಾವನ್ನು ಸೆಳೆದು, ಅದನ್ನು ಒತ್ತಿ, ಏರಿಸಿ, ಊರಿನ ಜಾಲಕ್ಕೆ ಒಪ್ಪಿಸುತ್ತದೆ. ತಣಿದ ನೀರು ಮತ್ತೆ ಗಣಕದ ಒಡಲಿಗೆ ಹೋಗುತ್ತದೆ. ಹೀಗೆ ಪಂಪೂ ಕಂಪ್ಯೂಟರೂ ಎದುರಾಳಿಗಳಾಗದೆ ಜೊತೆಗೂಡಿದಾಗಲೇ ಊರಿಗೆ ಉಪಯೋಗ.

ಕಯಾನಿಯ ಕೊಳವೆಗಳಲ್ಲಿ ವರ್ಷವಿಡೀ ಹರಿಯುವ ಕಾವಿನಲ್ಲಿ ಸುಮಾರು ಐದನೆಯ ಒಂದು ಪಾಲು ಲುಮಿಯದೆಂಬುದು ಅದನ್ನು ನಡೆಸುವವರ ಲೆಕ್ಕ. ಉಳಿದುದಕ್ಕೆ ಮರದ ಚೂರು ಮೊದಲಾದ ಉರುವಲೇ ಗತಿ. ಐದರಲ್ಲಿ ಒಂದು ಪಾಲೆಂದರೆ ಅಲ್ಪವೆಂದು ತೋರಬಹುದು. ಆದರೆ ಶಾಲೆಯ ಕೋಣೆ, ಆಸ್ಪತ್ರೆಯ ವಾರ್ಡು, ಮುದುಕಿಯೊಬ್ಬಳ ಅಡುಗೆಮನೆ, ಇವುಗಳ ಗೋಡೆಯ ಕೊಳವೆಗೆ ಕೈಯೊಡ್ಡಿದರೆ ಸಿಗುವ ಬೆಚ್ಚನೆಯಲ್ಲಿ ಎಲ್ಲೋ ಒಬ್ಬ ವಿಜ್ಞಾನಿಯ ಪ್ರಶ್ನೆಯ ಕಾವೂ ಬೆರೆತಿದೆಯೆಂಬುದು ಸೋಜಿಗವಲ್ಲವೆ?

ಸಂಪೋ ಯಾರ ಕೈಯಲ್ಲಿ?

ಕಯಾನಿಯ ಹೆಸರನ್ನು ಸಾಹಿತ್ಯಪ್ರಿಯರು ಬೇರೊಂದು ಕಾರಣಕ್ಕಾಗಿ ಬಲ್ಲರು. 1833ರಲ್ಲಿ ಇಲ್ಲಿಗೆ ಜಿಲ್ಲಾ ವೈದ್ಯನಾಗಿ ಬಂದ ಎಲಿಯಾಸ್ ಲೋನ್‌ರೋಟ್ ರೋಗಿಗಳ ನಾಡಿ ಹಿಡಿಯುವುದರೊಂದಿಗೆ ಜನಪದರ ಹಾಡುಗಳನ್ನೂ ಹಿಡಿದಿಟ್ಟ. ಕರೇಲಿಯದ ಕಾಡುಹಳ್ಳಿಗಳಲ್ಲಿ ಕಾಲ್ನಡಿಗೆಯಿಂದ ಅಲೆದು ಕೂಡಿಸಿದ ಹಾಡುಗಳಿಂದ 1835ರಲ್ಲಿ ‘ಕಲೆವಲ’ ಮಹಾಕಾವ್ಯ ಹುಟ್ಟಿತು. 1849ರಲ್ಲಿ ಐವತ್ತು ಪರ್ವಗಳಾಗಿ ಬೆಳೆಯಿತು. ಜನಪದ ಕಾವ್ಯವನ್ನು ಹೀಗೆ ಗೌರವಿಸಿದ ಆ ನಾಡಿನ ಋಣ ಕರ್ನಾಟಕಕ್ಕೂ ಉಂಟು. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1990ರಲ್ಲಿ ದಕ್ಷಿಣ ಕನ್ನಡಕ್ಕೆ ಬಂದು, ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡಗೂಡಿ, ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಪಾಡ್ದನವನ್ನು ದಾಖಲಿಸಿದರು. ಅದು 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು.

ಕಲೆವಲದಲ್ಲಿ ‘ಸಂಪೋ’ ಎಂಬ ಮಾಯದ ಬೀಸುಗಲ್ಲಿನ ಕಥೆ ಬರುತ್ತದೆ. ಕಮ್ಮಾರ ಇಲ್ಮರಿನೆನ್ ಅದನ್ನು ಉತ್ತರ ನಾಡಿನ ಒಡತಿಗಾಗಿ ಬಡಿದು ಮಾಡುತ್ತಾನೆ. ಒಂದು ಮಗ್ಗುಲಲ್ಲಿ ಹಿಟ್ಟು, ಇನ್ನೊಂದರಲ್ಲಿ ಉಪ್ಪು, ಮತ್ತೊಂದರಲ್ಲಿ ಹಣ, ಹೀಗೆ ಅದು ತಾನಾಗಿ ಬೀಸಿ ಕೊಡುತ್ತದೆ. ಆದರೆ ಅದರ ಒಡೆತನಕ್ಕಾಗಿ ಕಾದಾಟ ನಡೆದು, ಕಡೆಗೆ ಸಂಪೋ ಒಡೆದು ಕಡಲಿನ ಪಾಲಾಗುತ್ತದೆ. ಕಯಾನಿಯವರು ತಮ್ಮ ಬಾಳಿನಲ್ಲಿಯೇ ಒಂದು ಸಂಪೋ ಕಡಲು ಸೇರಿದುದನ್ನು ಕಂಡವರು. ಹೊಸ ಸಂಪೋ ಬಂದಿದೆಯೆಂದು ಕುಣಿದಾಡುವ ಮುನ್ನ ಅವರು ಕೆಲವು ಪ್ರಶ್ನೆಗಳನ್ನು ಕೇಳಿಕೊಂಡರೆ ತಪ್ಪೇನು?

ಮಹಾಗಣಕವು ಮನೆಗಳಿಗೆ ಕಾವನ್ನು ಕೊಡುತ್ತದೆ ನಿಜ. ಕಾಗದದ ಕಾರ್ಖಾನೆಯಷ್ಟು ಕೈಗಳಿಗೆ ಕೆಲಸವನ್ನು ಅದು ಕೊಡಲಾರದು. ಅದನ್ನು ನೋಡಿಕೊಳ್ಳಲು ಬೇಕಾದವರು ಕೆಲವರೇ. ಬೇಸಗೆಯಲ್ಲಿ ಸೂರ್ಯ ಮುಳುಗಲೊಲ್ಲದ ದಿನಗಳು ಬಂದಾಗ ಅದರ ಬಿಸಿಯನ್ನು ಕೇಳುವವರೂ ವಿರಳ. ಆಗ ಹೆಚ್ಚಿನ ಕಾವನ್ನು ಗಾಳಿಗೇ ಬಿಡಬೇಕು. ಗಣಕಗಳಿಗೂ ಮುಪ್ಪು ಬೇಗ. ಕಾಗದದ ಯಂತ್ರ ಅರ್ಧ ಶತಮಾನ ಓಡೀತು. ಮಹಾಗಣಕ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಆದರೂ ಆಸೆಗೆ ಎಡೆಯಿದೆ. 2024ರ ಡಿಸೆಂಬರಿನಲ್ಲಿ ಯೂರೋಪಿನ ಕೃತಕ ಬುದ್ಧಿಮತ್ತೆಯ ಹೊಸ ಗಣಕವೊಂದಕ್ಕೆ ನೆಲೆಯಾಗಿ ಮತ್ತೆ ಕಯಾನಿಯನ್ನೇ ಆರಿಸಲಾಯಿತು. ಇನ್ನೊಂದು ಸಮಾಧಾನವೆಂದರೆ, ಲುಮಿಯ ಒಡೆತನ ಯಾವನೊಬ್ಬ ವ್ಯಾಪಾರಿಯದಲ್ಲ, ಹಲವು ಸರ್ಕಾರಗಳದು. ಮ್ಯಾಂಟ್ಸಲಕ್ಕೆ ಒದಗಿದ ಆತಂಕ ಇಲ್ಲಿಗೆ ಅಷ್ಟು ಸುಲಭವಾಗಿ ಬಾರದು.

ಬೆಂಗಳೂರಿನಲ್ಲಿಯೂ ಕಂಪ್ಯೂಟರುಗಳ ಭವನಗಳಿಗೇನು ಬರವಿಲ್ಲ. ಅವುಗಳ ಬಿಸಿ ಹಗಲಿರುಳೂ ಆಕಾಶಕ್ಕೆ ಏರುತ್ತಿದೆ. ಅದನ್ನು ಕಯಾನಿಯಂತೆ ಬಳಸಿಕೊಳ್ಳಬಾರದೆ ಎಂದು ಕೇಳುವುದು ಸುಲಭ. ಆದರೆ ಬೆಚ್ಚಗಿಡಬೇಕಾದ ಮನೆಗಳು ಅಲ್ಲಿಲ್ಲ. ಕಾವನ್ನು ಮನೆಮನೆಗೆ ಒಯ್ಯುವ ಕೊಳವೆಯೂ ಇಲ್ಲ. ಕಾವು ತಾನಾಗಿ ಸಂಪತ್ತಲ್ಲ. ಅದನ್ನು ಬೇಡುವ ಒಂದು ಚಳಿ, ಅದನ್ನು ಮುಟ್ಟಿಸುವ ಒಂದು ದಾರಿ, ಇವೆರಡೂ ಕೂಡಿದಾಗ ಮಾತ್ರ ಕಸವು ರಸವಾಗುತ್ತದೆ. ಕಯಾನಿಯಲ್ಲಿ ಚಳಿಯನ್ನು ಪ್ರಕೃತಿ ಕೊಟ್ಟಿತು. ದಾರಿಯನ್ನು ಮಾಡಿದವರು ಮಾತ್ರ ಮನುಷ್ಯರು. ನೆಲವನ್ನಗೆದು ಕೊಳವೆ ಹೂಳಿದ ದಿನಗಳಲ್ಲಿ ಲುಮಿಯಂಥ ಯಂತ್ರವನ್ನು ಅವರಲ್ಲಿ ಯಾರೂ ಕನಸಿನಲ್ಲಿಯೂ ಕಂಡಿರಲಿಲ್ಲ. ನೆರೆಹೊರೆಯ ಮನೆಗಳೆಲ್ಲ ಒಂದೇ ಒಲೆಯಿಂದ ಬೆಚ್ಚಗಿರಲೆಂದು ಅವರು ದುಡಿದರು. ಆ ಒಲೆಯಲ್ಲಿ ಮುಂದೊಂದು ದಿನ ಏನು ಉರಿಯಬೇಕೆಂಬುದನ್ನು ಮೊಮ್ಮಕ್ಕಳ ಪಾಲಿಗೆ ಬಿಟ್ಟರು. ಜನವರಿಯ ಇರುಳಿನಲ್ಲಿ ಕೋಟೆಯ ಪಾಳುಗೋಡೆಗಳ ಮೇಲೆ ಹಿಮ ಬೀಳುತ್ತಿರುವಾಗ, ಆ ಹಳೆಯ ಕೊಳವೆಗಳೇ ಹೊಸ ಕಾವನ್ನು ಹೊತ್ತು ಬೀದಿಬೀದಿಗಳ ಅಡಿಯಲ್ಲಿ ಸದ್ದಿಲ್ಲದೆ ಸಾಗುತ್ತಿರುತ್ತವೆ.